ಬಾವಿಯ ಮೋಟಾರಿಗೆ ಬಂದ ಮಿಸ್ಡ್ ಕಾಲ್

ಚಿಕ್ಕೋಡಿಯ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಮಕ್ಕಳ ತಲೆ ತಿನ್ನುವುದು ಒಂದೇ ಮಾತಿಗೆ: ಯಂತ್ರ ಮಾಡುವ ಮೊದಲು ಅದು ಎಲ್ಲೆಲ್ಲಿ ಕೈಕೊಡಬಹುದು ಅಂತ ಬರೆಯಿರಿ. ಬರೆಯದೆ ಬಂದವರನ್ನು ಹೊರಗೆ ನಿಲ್ಲಿಸುತ್ತೇನೆ. ನನ್ನ ಸಿಟ್ಟು ಇಡೀ ಕಾಲೇಜಿಗೆ ಗೊತ್ತು.

ಕಬ್ಬೂರಿನಲ್ಲಿರುವ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಬಾವಿಯ ಮೋಟಾರಿಗೆ ನಾನೇ ಒಂದು ಡಬ್ಬಿ ಮಾಡಿಕೊಟ್ಟೆ. ಅದರೊಳಗಿನ ಸಿಮ್ಮಿಗೆ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಚಾಲೂ. ಕರೆಂಟು ಇಲ್ಲದಿದ್ದರೂ ಡಬ್ಬಿ ಬ್ಯಾಟರಿಯ ಮೇಲೆ ಎಚ್ಚರವಿದ್ದು ನನ್ನ ಫೋನಿಗೆ ಸುದ್ದಿ ಕಳಿಸುತ್ತದೆ. ಏನೇನು ಕೆಡಬಹುದು ಅಂತ ಎರಡು ಹಾಳೆ ತುಂಬಿಸಿದ್ದೆ. ಸಿಡಿಲು ಬರೆದೆ, ನೀರು ತಳ ಕಾಣುವುದನ್ನು ಬರೆದೆ, ವೈರು ಕಡಿಯುವ ಇಲಿಯನ್ನೂ ಬಿಡಲಿಲ್ಲ.

"ಹೊಸ ಸಿಮ್ ಯಾಕ ತರ್ತಿ? ನಂದ ಹಳೇದ ಹಾಕು, ನಾ ಬ್ಯಾರೆ ನಂಬರ್ ತಗೊಂಡೇನಿ" ಅಂದರು ಕಾಕಾ. ಹಾಕಿದೆ. ಯಾರು ಕರೆ ಮಾಡಿದರೂ ಮೋಟಾರ್ ಏಳುವಂತೆ ಬಿಟ್ಟೆ. ಮೋಟಾರಿಗೆ ಯಾರು ಫೋನ್ ಮಾಡುತ್ತಾರೆ, ಹೇಳಿ!

ಮರುದಿನ ಭಾನುವಾರ. ಪಂಪು ಸೋರುತ್ತಿತ್ತು. ಕಾಕಾ ಬಾವಿಯೊಳಗಿನ ಕಟ್ಟೆಗೆ ಇಳಿದು, ಪಂಪಿನ ಶಾಫ್ಟಿನ ಸುತ್ತ ಬೆರಳು ತೂರಿಸಿ, ಸೋರದಂತೆ ಸುತ್ತಿದ್ದ ಸವೆದ ದಾರ ಕೀಳುತ್ತಿದ್ದರು. ನಾನು ದಂಡೆಯ ಮೇಲೆ ಕೂತಿದ್ದೆ. ಫೋನು ಟಿಂಗ್ ಅಂದಿತು. ಡಬ್ಬಿಯ ಸಂದೇಶ: ಚಾಲೂ ಮಾಡಲು ಕರೆ ಬಂದಿದೆ, ಕರೆಂಟ್ ಇಲ್ಲ.

ತಲೆ ಎತ್ತಿದೆ. ಪಕ್ಕದ ಹೊಲದ ಪೈಪಿನಿಂದ ನೀರು ಭರ್ರನೆ ಬೀಳುತ್ತಿತ್ತು. ಕರೆಂಟು ಇತ್ತು! ಹಾಗಾದರೆ ಮೋಟಾರ್ ಯಾವ ಕ್ಷಣದಲ್ಲಾದರೂ ತಿರುಗಬಹುದು.

"ಕಾಕಾ, ಕೈ ತಗೀರಿ! ಕೈ ತಗೀರಿ!"

"ಯಾಕ ತಂಗಿ, ಹಿಂಗ್ಯಾಕ ಚೀರಾಕತ್ತಿ?" ಕಾಕಾ ಎಣ್ಣೆಗೈಯಿಂದಲೇ ಅಂಗಿಯ ಕಿಸೆ ತಟ್ಟಿದರು. ಒಳಗೆ ಮೂರೂ ಫ್ಯೂಜುಗಳು ಖಣಖಣ ಅಂದವು. ಡಬ್ಬಿಗೆ ಕರೆಂಟು ಸಿಗದಿದ್ದುದು ಅದಕ್ಕೇ. "ನಿಮ್ಮಜ್ಜ ಕಲಿಸ್ಯಾನ. ಫ್ಯೂಜ್ ಕಿಸೇದಾಗ ಇಟಗೊಂಡ ಬಾವಿ ಇಳೀಬೇಕು. ನಿನ್ನ ಡಬ್ಬಿ ಭಾಳ ಶ್ಯಾಣೇ ಐತಿ. ಆದ್ರ ಬಾವಿ ಇಳ್ಯಾವ ನಾ ಅಲ್ಲೇನ?"

ಎರಡು ಹಾಳೆಯಲ್ಲಿ ಇಲಿ ಇತ್ತು, ಕಾಕಾ ಇರಲಿಲ್ಲ. ಮಕ್ಕಳನ್ನು ಹೊರಗೆ ನಿಲ್ಲಿಸುವ ನನ್ನನ್ನು ಎಲ್ಲಿ ನಿಲ್ಲಿಸಬೇಕಿತ್ತೋ. ಅಲ್ಲಿಯೇ ಡಬ್ಬಿಯಿಂದ ಮೋಟಾರಿಗೆ ಹೋಗುವ ವೈರು ಕಿತ್ತು ಹಾಕಿದೆ. ಕಾಕಾ ಬೇಡ ಅಂದರೂ ಕೇಳಲಿಲ್ಲ.

ಮನೆಗೆ ಬಂದಾಗ ಆಯಿ, ನನ್ನ ಅಜ್ಜಿ, ರೊಟ್ಟಿ ಬಡಿದಿಟ್ಟು ಕಾದಿದ್ದಳು. ಊಟ ತಯಾರಾದರೆ ಹೊಲಕ್ಕೊಂದು ಮಿಸ್ಡ್ ಕಾಲ್ ಕೊಡುವುದು ಎಷ್ಟೋ ವರ್ಷಗಳಿಂದ ಅವಳ ರೂಢಿ. ಅವಳ ಫೋನಿನಲ್ಲಿ ಮಗನ ಹಳೇ ನಂಬರೇ ಇತ್ತು.

"ನಾಕ ಸಲ ಫೋನ್ ಹಚ್ಚೇನೊ, ಒಮ್ಮೆರ ಬರಬಾರದಾ?" ಎಂದು ಮಗನನ್ನು ಬೈದಳು.

ನನ್ನ ಫೋನು ತೆಗೆದು ನೋಡಿದೆ. ಸಂದೇಶಗಳು ನಾಲ್ಕಿದ್ದವು.

"ಗೊತ್ತಾಗಲಿಲ್ಲ ಬಿಡವ್ವಾ" ಅನ್ನುತ್ತ ಕಾಕಾ ರೊಟ್ಟಿ ಮುರಿದರು. ನಾನು ಆ ಬೆರಳುಗಳನ್ನೇ ನೋಡುತ್ತ, ಆಯಿಯ ಫೋನು ತೆಗೆದುಕೊಂಡು ಕಾಕಾನ ಹೊಸ ನಂಬರ್ ಹಾಕಿದೆ.