ಟೆಲಿಸ್ಕೋಪಿನ ಕಟ್ಟೆ

ಗೆಳೆಯರೇ, ನಕ್ಷತ್ರ ನೋಡಲೆಂದು ಹಿತ್ತಲಲ್ಲಿ ಕಟ್ಟಿಸುತ್ತಿದ್ದ ಕೋಣೆ ಮುಗಿದಿದೆ. ತಗಡಿನ ಚಾವಣಿ ಗಾಲಿಗಳ ಮೇಲೆ ಸಲೀಸಾಗಿ ಸರಿಯುತ್ತದೆ. ಎರಡು ದಿನ ಹಳಿಯಾಳದಲ್ಲಿದ್ದು ಇಂದು ಮಧ್ಯಾಹ್ನ ಬಂದು ನೋಡಿದರೆ, ಟೆಲಿಸ್ಕೋಪ್ ನಿಲ್ಲಿಸಲು ಹೇಳಿದ್ದ ನಡುವಿನ ಕಟ್ಟೆಗೆ ದೀಪದ ಗೂಡಿದೆ. ಅದರ ತಲೆಯ ಮೇಲೆ ಮಣ್ಣು ತುಂಬುವ ಗುಂಡಿಯೂ ಇದೆ.

"ಇದೇನ ಮಾಡೀರಿ ಬಸಣ್ಣಾ?" ಎಂದು ಗೌಂಡಿಯನ್ನು ಕೇಳಿದೆ.

"ಸೊಂಟದ ಮಟ ಒಂದ ಕಟ್ಟಿ ಕಟ್ರಿ ಅಂತ ನೀವ ಫೋನಿನ್ಯಾಗ ಹೇಳಿದ್ರಲ್ರಿ ಅಕ್ಕಾರ. ಹಿತ್ತಲದಾಗ ಕಟ್ಟಿ ಅಂದ್ರ ತುಳಸಿ ಕಟ್ಟಿನ."

"ತುಳಸಿಗೆ ಯಾರಾದ್ರೂ ತಗಡ ಹೊದಸ್ತಾರೇನು?"

"ಅದಕ್ಕ ಅತ್ತಿತ್ತ ಸರಿಯೂ ತಗಡ ಮಾಡ್ಸೀರಿ, ಬಿಸಲ ಬೀಳ್ಲಿ ಅಂತ, ಹಂಗ ತಿಳಕೊಂಡೆ."

ಒಡೆಸೋಣವೆಂದರೆ, ಅಷ್ಟರಲ್ಲಾಗಲೇ ಅತ್ತೆ ಸಸಿ ನೆಟ್ಟು ಕುಂಕುಮ ಹಚ್ಚಿಬಿಟ್ಟಿದ್ದರು. "ಪೂಜಿ ಆದ ಕಟ್ಟಿ ಒಡಿಬಾರದವ್ವಾ. ದಿನಾ ಮುಂಜಾನೆ ಎದ್ದಕೂಡ್ಲೆ ಆ ತಗಡಷ್ಟ ಸರಸು" ಎಂದರು.

ಹಾಗಾಗಿ ಅಂಬೇವಾಡಿಯ ನನ್ನ ವೀಕ್ಷಣಾಲಯ ನಾಳೆ ಬೆಳಿಗ್ಗೆ ಶುರು. ಸದ್ಯಕ್ಕೆ ಕಾಣುವುದು ಒಂದೇ ನಕ್ಷತ್ರ, ಸೂರ್ಯ. ಅದನ್ನೂ ನೋಡುವುದು ತುಳಸಿ.