ಅತ್ತೆಗೊಂದು ಜಾಗ ಹುಡುಕಿದ್ದು

ಹೊಸದುರ್ಗದ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಬಹಳ ವರ್ಷ ವಾರ್ಡನ್ ಆಗಿದ್ದವಳು ನಾನು. ಹತ್ತಾರು ಜನರನ್ನು ಒಂದು ಸೂರಿನಡಿ ಇಟ್ಟು ಊಟ ಹಾಕುವ ಜಾಗ ಯಾವುದೇ ಇರಲಿ, ಅದರ ಒಳಗುಟ್ಟು ನನಗೆ ಬೇಗ ತಿಳಿಯುತ್ತದೆ. ಸಾಹೇಬರು ಬರುತ್ತಾರೆಂದು ಗೊತ್ತಾದ ದಿನ ಬೀರುವಿನಲ್ಲಿದ್ದ ಹೊಸ ಚಾದರ ಹಾಸಿ, ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚು ಹಾಕಿಸಿ, ಅವರ ಜೀಪು ಗೇಟು ದಾಟಿದ ಮೇಲೆ ಚಾದರ ಮಡಚಿ ಒಳಗಿಟ್ಟವಳೂ ನಾನೇ. ಎಲ್ಲ ವಾರ್ಡನ್‌ಗಳೂ ಅದನ್ನೇ ಮಾಡುತ್ತಾರೆ. ಹೀಗಾಗಿ ಅತ್ತೆಗೊಂದು ವೃದ್ಧಾಶ್ರಮ ನೋಡಬೇಕಾಗಿ ಬಂದಾಗ, ಯಾರೂ ನನಗೆ ಟೋಪಿ ಹಾಕಲಾರರು ಎಂಬ ಒಂದು ಧೈರ್ಯ ಇತ್ತು. ಬೇರೆ ಯಾವ ಧೈರ್ಯವೂ ಉಳಿದಿರಲಿಲ್ಲ.

ನಮ್ಮ ಮನೆಯಲ್ಲಿರುವುದು ಇಬ್ಬರೇ, ಅತ್ತೆ ಮತ್ತು ನಾನು. ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು, ಮಕ್ಕಳಾಗಲಿಲ್ಲ. ನಿವೃತ್ತಿಯಾದ ಮೇಲೆ ಹೊಳಲ್ಕೆರೆಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು ಅತ್ತೆಯನ್ನೂ ಕರೆತಂದಿದ್ದೆ. ಅವರಿಗೆ ತೊಂಬತ್ತರ ಹತ್ತಿರ. ನನಗೆ ಅರವತ್ತು ದಾಟಿದೆ, ಮೊಣಕಾಲು ಎರಡೂ ಸವೆದಿವೆ. ಚಿತ್ರದುರ್ಗದ ಡಾಕ್ಟರು ಎಕ್ಸ್‌ರೇ ಹಿಡಿದು, ಆಪರೇಷನ್ ಆಗಲೇಬೇಕು, ಆಮೇಲೆ ಕೆಲವು ತಿಂಗಳು ಯಾರನ್ನೂ ಎತ್ತಿ ಕೂರಿಸುವಂತಿಲ್ಲ ಎಂದರು. ಎತ್ತಿ ಕೂರಿಸುವುದೇ ನನ್ನ ದಿನದ ಕೆಲಸ. ನಾದಿನಿ ಬಿ.ದುರ್ಗದಲ್ಲಿದ್ದಾಳೆ, ಆದರೆ ಅವಳಿಗೇ ಪಾರ್ಶ್ವವಾಯು ಹೊಡೆದು ಒಂದು ಕೈ ಬಿದ್ದುಹೋಗಿದೆ. ಮನೆಗೆ ಬಂದು ನೋಡಿಕೊಳ್ಳಲು ಹೆಂಗಸರನ್ನು ಗೊತ್ತುಮಾಡಿದೆ, ಒಬ್ಬಳು ವಾರ ಬಂದಳು, ಇನ್ನೊಬ್ಬಳು ಅಷ್ಟೂ ಬರಲಿಲ್ಲ.

ಅತ್ತೆ ಕಾಟ ಕೊಡುವ ಮುದುಕಿಯಲ್ಲ, ಅದನ್ನು ಹೇಳಲೇಬೇಕು. ಅವರದು ಒಂದೇ ಹಟ. ಬೆಳಿಗ್ಗೆ ಬಿಸಿನೀರು ಮೈಮೇಲೆ ಬೀಳಬೇಕು, ಹಣೆಗೆ ವಿಭೂತಿ ಬೀಳಬೇಕು, ಕೊರಳಲ್ಲಿ ತೂಗುವ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈಲಿಟ್ಟು ಪೂಜೆ ಆಗಬೇಕು. ಆಮೇಲೆಯೇ ಕಾಫಿ, ಆಮೇಲೆಯೇ ತಿಂಡಿ. ಜ್ವರ ಬಂದಾಗಲೂ ಇದನ್ನು ಬಿಟ್ಟವರಲ್ಲ. ನನ್ನ ಲಿಂಗ ಗೂಡಿನಲ್ಲಿ ದೇವರ ಫೋಟೋಗಳ ಪಕ್ಕ ಇರುತ್ತದೆ, ಹಬ್ಬಕ್ಕೆ ತೆಗೆಯುತ್ತೇನೆ. ಅದಕ್ಕೆ ಅವರು ನನ್ನನ್ನು ಒಂದು ಮಾತೂ ಅಂದಿಲ್ಲ. ಅನ್ನದೆ ಇರುವುದೇ ಒಮ್ಮೊಮ್ಮೆ ನನಗೆ ಸಿಟ್ಟು ಬರಿಸುತ್ತಿತ್ತು. ಆ ದಿನಗಳಲ್ಲಿ ಯಾವುದಕ್ಕೆ ಸಿಟ್ಟು ಬರುತ್ತಿರಲಿಲ್ಲ ಹೇಳಿ. ಬಚ್ಚಲಿನಿಂದ ಅವರನ್ನು ಹಿಡಿದು ತಂದು ಕೂರಿಸಿದ ಮೇಲೆ ನನ್ನ ಕಾಲು ನಡುಗುತ್ತಿತ್ತು. ಪಾತ್ರೆ ಕುಕ್ಕುತ್ತಿದ್ದೆ. ಮಾತು ಕಡಿಮೆಯಾಗಿ, ಮಧ್ಯಾಹ್ನದ ಊಟಕ್ಕೆ ಇಬ್ಬರೂ ಗೋಡೆ ನೋಡಿಕೊಂಡು ಉಣ್ಣುತ್ತಿದ್ದೆವು. ಮಲಗಿ ಎದ್ದರೂ ಹೋಗದ ಸುಸ್ತು ಅದು.

ಮೊದಲು ಹೋಗಿದ್ದು ಹಿರಿಯೂರಿಗೆ. ಹೆದ್ದಾರಿ ಪಕ್ಕದ ಹೊಸ ಕಟ್ಟಡ, ನೆಲದ ಟೈಲ್ಸಿನಲ್ಲಿ ನಮ್ಮ ಮುಖ ಕಾಣುತ್ತಿತ್ತು. ಜಾರಿ ಬೀಳಲು ಅದಕ್ಕಿಂತ ಒಳ್ಳೆಯ ನೆಲ ಬೇಕೆ? ಗೋಡೆಗೆ ತಿಂಡಿ ಊಟದ ಪಟ್ಟಿ ಅಂಟಿಸಿದ್ದರು. ನಾನು ಹೇಳದೆ ಕೇಳದೆ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೇ ಹೋಗಿದ್ದೆ. ಅಡುಗೆಮನೆ ತೋರಿಸಿ ಎಂದೆ. ಮ್ಯಾನೇಜರು ಒಲೆ, ಫ್ರಿಜ್ಜು, ನೀರಿನ ಫಿಲ್ಟರು ತೋರಿಸುತ್ತಾ ಹೋದ. ನಾನು ನೋಡಿದ್ದು ಮೂಲೆಯ ಮುಸುರೆ ಬಕೆಟ್ಟನ್ನು. ಅದರ ತುಂಬ ಚಪಾತಿ ಚೂರು. ಹಲ್ಲಿಲ್ಲದವರಿಗೆ ಚಪಾತಿ ಬಡಿಸಿ, ಊಟ ಕೊಟ್ಟೆವು ಎಂದು ಪಟ್ಟಿಯಲ್ಲಿ ಬರೆದುಕೊಳ್ಳುವ ಜನ!

"ಮುದ್ದೆ ಮಾಡಲ್ವೇನ್ರಿ?" ಎಂದೆ.

"ಕೇಳಿದ್ರೆ ಮಾಡಿಸ್ತೀವ್ರಿ ಮೇಡಂ. ಯಾರೂ ಕೇಳಿಲ್ಲ."

ಕೇಳುವ ಜನ ಹಾಲ್‌ನಲ್ಲಿ ಟಿ.ವಿ. ಮುಂದೆ ಸಾಲಾಗಿ ಕೂತಿದ್ದರು. ಒಬ್ಬ ಅಜ್ಜನ ಕನ್ನಡಕದ ಗಾಜು ಮಬ್ಬಾಗಿತ್ತು, ಯಾರೂ ಒರೆಸಿ ಎಷ್ಟು ದಿನವಾಗಿತ್ತೋ. ಆತ ಟಿ.ವಿ. ಕಡೆ ಮುಖ ಮಾಡಿದ್ದನೇ ಹೊರತು ಏನೂ ನೋಡುತ್ತಿರಲಿಲ್ಲ. ಅಲ್ಲಿಂದ ನಾನು ನೀರೂ ಕುಡಿಯದೆ ಹೊರಬಿದ್ದೆ.

ಹೊಸದುರ್ಗದಲ್ಲಿ ಗಂಡ ಹೆಂಡತಿ ತಮ್ಮ ಮನೆಯಲ್ಲೇ ನಾಲ್ಕಾರು ಮಂದಿಯನ್ನು ಇಟ್ಟುಕೊಂಡಿದ್ದರು. ಅಲ್ಲಿ ಮುದ್ದೆ ಇತ್ತು, ಸೊಪ್ಪಿನ ಸಾರು ಇತ್ತು, ಆಕೆ ಒಬ್ಬ ಮುದುಕಿಗೆ ತಲೆ ಬಾಚಿ ಜಡೆ ಹಾಕುತ್ತಾ ನನ್ನ ಜೊತೆ ಮಾತಾಡಿದಳು. ನನಗೆ ಕಣ್ಣು ತುಂಬಿ ಬಂತು. ಆದರೆ ಬಚ್ಚಲು ನೋಡಿದರೆ ಹಿತ್ತಲಿನಲ್ಲಿ, ಮೂರು ಮೆಟ್ಟಿಲು ಇಳಿಯಬೇಕು, ಹಿಡಿಯಲು ಒಂದು ಕಂಬಿಯೂ ಇಲ್ಲ. "ನಾವೇ ಎತ್ಕಂಡು ಹೋಗ್ತೀವಿ ಬಿಡ್ರಿ ಅಕ್ಕಾ" ಎಂದಳು. ಆಕೆಯ ಸೊಂಟಕ್ಕೆ ಆಗಲೇ ಪಟ್ಟಿ ಬಿಗಿದಿತ್ತು. ಇನ್ನು ಕೆಲವು ವರ್ಷಕ್ಕೆ ಇವಳೂ ನನ್ನ ಹಾಗೆ ಡಾಕ್ಟರ ಮುಂದೆ ಕೂರುತ್ತಾಳೆ ಅನ್ನಿಸಿ ಸುಮ್ಮನೆ ಎದ್ದೆ. ಒಳ್ಳೆಯ ಮನಸ್ಸೊಂದೇ ಸಾಲದು ಎಂದು ಅವಳಿಗೆ ಹೇಳುವ ಬಾಯಿ ನನಗಿರಲಿಲ್ಲ.

ಪ್ರತಿ ಸಲ ಮನೆಗೆ ಬಂದಾಗಲೂ ಅತ್ತೆ ಕೇಳುತ್ತಿದ್ದುದು ಒಂದೇ ಮಾತು. "ನೀರು ಕಾಯಿಸಿ ಕೊಡ್ತಾರೇನವ್ವ?"

"ಕೊಡ್ತಾರೆ ಅತ್ತೆ. ಆದ್ರೆ ಜಾಗ ಚೆನ್ನಾಗಿಲ್ಲ."

"ನೀನು ಯಾವುದನ್ನ ಚೆನ್ನಾಗೈತೆ ಅಂದೀಯ" ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಆಪರೇಷನ್ನಿಗೆ ಗೊತ್ತುಮಾಡಿದ ದಿನ ಹತ್ತಿರ ಬರುತ್ತಿತ್ತು.

ಕೊನೆಗೆ ಚಿತ್ರದುರ್ಗದ ಹೊರಗೆ ಒಂದು ಸಿಕ್ಕಿತು. ಗಾಳಿಯಂತ್ರಗಳು ಕಾಣುವ ಬಯಲಿನಲ್ಲಿ ಹೆಂಚಿನ ಉದ್ದನೆಯ ಮನೆ. ನೆಲ ಒರಟು, ಬಚ್ಚಲಿಗೆ ಕಂಬಿ, ಬಕೆಟ್ಟಿನಲ್ಲಿ ಮುಸುರೆ ಸ್ವಲ್ಪವೇ. ಮುದುಕಿಯರ ಉಗುರು ನೋಡಿದೆ, ಕತ್ತರಿಸಿದ್ದವು. ಕುಡಿಯುವ ನೀರಿನ ಲೋಟ ಪ್ರತಿ ಮಂಚದ ಪಕ್ಕ ಕೈಗೆ ಸಿಗುವ ಹಾಗಿತ್ತು. ಅಲ್ಲಿನ ಮೇಲ್ವಿಚಾರಕ ಐವತ್ತರ ಗಂಡಸು, ಸಿರಿಗೆರೆ ಮಠದಲ್ಲಿ ಓದಿದವನಂತೆ, ಹಣೆಯ ಮೇಲೆ ಮೂರು ಬೆರಳ ವಿಭೂತಿ. ನಮ್ಮವನೇ ಎಂದು ನೆಮ್ಮದಿಯಾಯಿತು. ಬಿಸಿನೀರಿನ ಸ್ನಾನ ಬೆಳಿಗ್ಗೆಯೇ ಆಗಬೇಕು, ಪೂಜೆಯಾದ ಮೇಲೆ ಊಟ ಎಂದೆ. "ಹೇಳಬೇಕೇನ್ರಿ ಅಕ್ಕಾರೆ, ನಮ್ಮನೇಲೂ ಅದೇ ಪದ್ಧತಿ ಐತೆ" ಎಂದ. ಆಪರೇಷನ್ನಿಗೆ ಮೊದಲೇ ಕೆಲವು ದಿನ ಇಟ್ಟು ನೋಡೋಣ ಎಂದು ಅತ್ತೆಯನ್ನು ಬಿಟ್ಟು ಬಂದೆ.

ಆ ರಾತ್ರಿ ಮನೆ ಬಿಕೋ ಎನ್ನಬೇಕಿತ್ತು. ನಾನು ಮಾತ್ರ ಸತ್ತವಳ ಹಾಗೆ ಮಲಗಿದ್ದೆ. ಬೆಳಿಗ್ಗೆ ಎದ್ದು ಯಾರಿಗೂ ನೀರು ಕಾಯಿಸಬೇಕಿಲ್ಲ ಎಂದು ನೆನಪಾಗಿ ಮತ್ತೆ ಮಲಗಿದೆ. ಸುಖ ಅನ್ನಿಸಿತು, ಆಮೇಲೆ ನಾಚಿಕೆಯಾಯಿತು.

ಅದರ ಮಾರನೆಯ ದಿನ ಮಧ್ಯಾಹ್ನ ಅಲ್ಲಿಂದ ಫೋನು. "ಅಜ್ಜಿ ನಿನ್ನೆಯಿಂದ ಊಟ ಬಿಟ್ಟವ್ರೆ. ಮಾತ್ರೆಗೆ ಅಂತ ಎರಡು ಗುಟುಕು ನೀರು ಕುಡೀತಾರೆ ಅಷ್ಟೆ. ಜ್ವರ ಇಲ್ಲ, ಬಿ.ಪಿ. ಸರಿ ಐತೆ. ಒಂದ್ಸಲ ಬರ್ರಿ ಅಕ್ಕಾರೆ."

ಸಿಕ್ಕ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಮೈ ಶುಚಿಯಾಗಿತ್ತು, ಸೀರೆ ನೀಟಾಗಿ ಉಟ್ಟಿದ್ದರು, ಹಣೆಯಲ್ಲಿ ವಿಭೂತಿಯೂ ಇತ್ತು. ಕೈ ಮಾತ್ರ ಎದೆಯ ಮೇಲೆ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು. ನನಗೆ ಆಗ ಹೊಳೆಯಿತು. ಸೆರಗು ಸರಿಸಿದೆ. ಕೊರಳು ಬರಿದು.

"ಕರಡಿಗೆ ಎಲ್ಲಿ ಅತ್ತೆ?"

"ಅದು ಆಫೀಸ್ನಾಗೆ ಭದ್ರವಾಗೈತಂತೆ. ಗಲಾಟೆ ಮಾಡಬ್ಯಾಡ ಕಣವ್ವ."

ಗಲಾಟೆ ಮಾಡದೆ ಇರುತ್ತೇನೆಯೇ? ಮೇಲ್ವಿಚಾರಕನ ಟೇಬಲ್ಲಿನ ಮುಂದೆ ನಿಂತು, ಹಾಸ್ಟೆಲ್ಲಿನ ಅಡುಗೆಯವರು ಇಂದಿಗೂ ಹೆದರುವ ನನ್ನ ಹಳೆಯ ದನಿಯಲ್ಲಿ ಕರಡಿಗೆ ಎಲ್ಲಿ ಎಂದು ಕೇಳಿದೆ. ಆತ ಗಾಬರಿಯಾಗಿ ಬೀರು ತೆರೆದ. ಹಿಂದೊಮ್ಮೆ ಯಾರದೋ ಓಲೆ ಕಳೆದು ಮನೆಯವರು ಜಗಳಕ್ಕೆ ಬಂದಿದ್ದರಂತೆ. ಅಂದಿನಿಂದ ಬಂದವರ ಮೈಮೇಲಿನ ಚಿನ್ನ ಬೆಳ್ಳಿ ಮೊದಲ ಸ್ನಾನದಲ್ಲೇ ಬಿಚ್ಚಿಸಿ ಕವರಿನಲ್ಲಿಟ್ಟು ಬೀಗ ಹಾಕುವುದು ಅಲ್ಲಿನ ಪದ್ಧತಿ. ಸ್ನಾನ ಮಾಡಿಸುವ ಹುಡುಗಿ ಕರಡಿಗೆಯನ್ನು ತಂದುಕೊಟ್ಟಿದ್ದಳು, ಈತ ಕವರಿಗೆ ಹಾಕಿದ್ದ.

"ನೀವೂ ಲಿಂಗ ಕಟ್ಟಿಸ್ಕಂಡೋರೇ ಅಲ್ವೇನ್ರಿ? ಒಳಗೇನೈತೆ ಅಂತ ಗೊತ್ತಿಲ್ವೇನ್ರಿ ನಿಮಗೆ?"

ಆತ ತಲೆ ತಗ್ಗಿಸಿದ. "ಗೊತ್ತೈತ್ರಿ. ನಂದು ದೇವರ ಮನೇಲಿರ್ತೈತೆ. ವಿಭೂತಿ ಮರೀದೇ ಹಚ್ರಿ ಅಂತ ಹುಡುಗಿಗೆ ಹೇಳಿದ್ದೆ. ಇದು ಬೆಳ್ಳಿ ಸಾಮಾನು ಅಂತ್ಲೇ ತಲೇಲಿತ್ತು. ತಪ್ಪಾತ್ರಿ ಅಕ್ಕಾರೆ."

ಬೇರೆ ಜಾತಿಯವನಾಗಿದ್ದರೆ ಇದೇನು ಎಂದು ಒಂದು ಮಾತು ಕೇಳುತ್ತಿದ್ದ. ಗೊತ್ತಿರುವವನು ಕೇಳಲಿಲ್ಲ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಗೂಡಿನಲ್ಲಿರುವ ನನ್ನದರ ನೆನಪಾಗಿ ಬಾಯಿ ಕಟ್ಟಿತು. ಕವರು ಕಿತ್ತುಕೊಂಡು ಬಂದೆ.

ಸ್ನಾನದ ಹುಡುಗಿ ನೀರು ಕಾಯಿಸಿ ತಂದಳು, ಮುಖ ಸಣ್ಣದಾಗಿತ್ತು. ಮತ್ತೊಮ್ಮೆ ಮೀಸಿ, ಕರಡಿಗೆಯ ಶಿವದಾರ ಕೊರಳಿಗೆ ಹಾಕಿ, ಅತ್ತೆಯ ಎಡಗೈಗೆ ಲಿಂಗ ಕೊಟ್ಟೆವು. ಅವರು ನೀರೆರೆದು ಕಣ್ಣು ಮುಚ್ಚಿ ಕೂತರು. ಸುಮಾರು ಹೊತ್ತು ಕೂತರು. ಆಮೇಲೆ ಮೆತ್ತಗಿನ ಮುದ್ದೆ ಉಂಡರು, ಮಜ್ಜಿಗೆ ಕುಡಿದರು.

"ಕೇಳೋದಲ್ವಾ ಅತ್ತೆ? ಒಂದು ಮಾತು ಅಂದಿದ್ರೆ ಕೊಡ್ತಿದ್ರು."

"ಹುಡುಗಿನ ಕೇಳಿದ್ದೆ. ಹೋಗುವಾಗ ಕೊಡ್ತಾರೆ ಅಂದ್ಲು. ಬಂದ ಮಾರನೇ ದಿನಕ್ಕೇ ತಕರಾರು ತೆಗೆದ್ರೆ ನೀನು ಓಡಿ ಬಂದು ಕರ್ಕಂಡು ಹೋಗ್ತೀಯ. ನಿನ್ನ ಕಾಲಿನ ಆಪರೇಷನ್ ನಿಂತೋಗ್ತೈತೆ."

ಎದ್ದು ಅವರ ಬ್ಯಾಗು ಎಳೆದು, ಸೀರೆಗಳನ್ನು ತುರುಕತೊಡಗಿದೆ. ಇಷ್ಟೆಲ್ಲ ನೋಡಿ ಅಳೆದು ಆರಿಸಿದ ಜಾಗವೇ ಹೀಗಾದರೆ ಇನ್ನೆಲ್ಲಿ ಹುಡುಕಲಿ? ಕಾಲು ಹೋದರೆ ಹೋಗಲಿ, ತೆವಳಿಕೊಂಡಾದರೂ ನೋಡಿಕೊಳ್ಳುತ್ತೇನೆ ಎಂದು ನಿಶ್ಚಯವಾಗಿತ್ತು. "ಏಳ್ರಿ ಅತ್ತೆ, ಹೋಗಾಣ" ಎಂದೆ.

ಅತ್ತೆ ಏಳಲಿಲ್ಲ. "ನಾನಿಲ್ಲೇ ಇರ್ತೀನಿ ಬಿಡವ್ವ."

"ಇಷ್ಟಾದ ಮೇಲೂ ಇಲ್ಲಿರ್ತೀರಾ?"

"ತಪ್ಪಾತು ಅಂದ್ರಲ್ಲ, ಕೊಟ್ರಲ್ಲ. ಇನ್ನೇನು? ಬಾ, ಕುಂತ್ಕ ಇಲ್ಲಿ."

ಕೂತೆ. ನೀರಿನ ಬಕೆಟ್ಟು ಎತ್ತಿಕೊಂಡು ಹೋಗುತ್ತಿದ್ದ ಹುಡುಗಿಯನ್ನು ಅತ್ತೆ ಕಣ್ಣಲ್ಲೇ ತೋರಿಸಿದರು.

"ಆ ಹುಡುಗಿ ಬೆಳಿಗ್ಗೆ ನಗ್ತಾ ಬರ್ತಾಳೆ. ಕತ್ತಲಾಗೋ ಹೊತ್ತಿಗೆ ಅವಳ ಮನಿಗೆ ಹೋಗ್ತಾಳೆ, ಇನ್ನೊಬ್ಬಳು ಬರ್ತಾಳೆ. ಮಲಗಿ ಎದ್ದು ಬರ್ತಾಳಲ್ಲ, ಅದಕ್ಕೇ ಮುಖದಾಗೆ ನಗು ಇರ್ತೈತೆ. ನೀನು ನನ್ನ ಬಿಟ್ಟು ಎಲ್ಲಿಗೆ ಹೋಗ್ತೀಯ? ನಮ್ಮನೇಲಿ ನೀನು ಬಡಿಸ್ದಾಗ ನಿನ್ನ ಮುಖ ನೋಡ್ತಿದ್ದೆ ಕಣವ್ವ. ನೋಡಿದ್ರೆ ತುತ್ತು ಇಳೀತಿರಲಿಲ್ಲ. ನೀನು ಕೆಟ್ಟೋಳಂತಲ್ಲ. ಸೋತೋಗಿದೀಯ."

ಕೋಪ ಬರಬೇಕಿತ್ತು. ಇಷ್ಟು ವರ್ಷ ಎತ್ತಿ ಇಳಿಸಿದ್ದಕ್ಕೆ ಈ ಮಾತೇ ಎಂದು ಕೇಳಬೇಕಿತ್ತು. ಕೇಳಲಾಗಲಿಲ್ಲ, ಯಾಕೆಂದರೆ ನಿಜ. ಊರೂರು ಸುತ್ತಿ ನಾನು ಯಾರ್ಯಾರದೋ ಉಗುರು, ಬಚ್ಚಲು, ಬಕೆಟ್ಟು ನೋಡಿದೆ. ನೋಡಿಕೊಳ್ಳುವವರ ಮುಖ ನೋಡಬೇಕೆಂದು ನನಗೆ ಹೊಳೆದಿರಲೇ ಇಲ್ಲ. ನನ್ನ ಮುಖವನ್ನಂತೂ ನಾನು ನೋಡಿಕೊಂಡಿರಲಿಲ್ಲ. ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಆ ಮಂಚಗಳ ಮಧ್ಯೆ, ಎಲ್ಲರೂ ನೋಡುತ್ತಿರುವಾಗಲೇ. ಅವರ ಕೈ ನನ್ನ ತಲೆಯ ಮೇಲಿತ್ತು.

ಆಮೇಲೆ ಬ್ಯಾಗಿನಿಂದ ಸೀರೆಗಳನ್ನು ಮತ್ತೆ ತೆಗೆದು ಮಡಚಿ ಕಪಾಟಿನಲ್ಲಿಟ್ಟೆ. ಹೊರಡುವಾಗ ಮೇಲ್ವಿಚಾರಕನಿಗೆ, ಹುಡುಗಿಗೆ, ರಾತ್ರಿಯ ಪಾಳಿಗೆ ಆಗಷ್ಟೇ ಬಂದಿದ್ದವಳಿಗೆ, ಕರಡಿಗೆ ಕೊರಳಲ್ಲೇ ಇರಬೇಕು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆ. ಅತ್ತೆ ಬಾಗಿಲವರೆಗೂ ಬರಲಾರರು, ಮಂಚದಿಂದಲೇ ಕೈಯೆತ್ತಿದರು. "ಮನಿಗೋಗಿ ಉಂಡು ಮಲಕ್ಕ" ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೂತದ್ದಷ್ಟೇ ಗೊತ್ತು. ಕಂಡಕ್ಟರು ಭುಜ ತಟ್ಟಿ ಎಬ್ಬಿಸಿದಾಗ ಹೊಳಲ್ಕೆರೆ ಹಿಂದೆ ಹೋಗಿ ಎಷ್ಟೋ ಹೊತ್ತಾಗಿತ್ತು. "ಎಲ್ಲಿಗಮ್ಮ ನೀವು? ಮನೇಲಿ ಕಾಯಲ್ವೇನ್ರಿ?" ಎಂದ. ಯಾರೂ ಕಾಯುವುದಿಲ್ಲ ಎಂದೆ. ಮುಂದಿನ ಊರಲ್ಲಿ ಇಳಿದು, ವಾಪಸು ಬಸ್ಸು ಬರುವವರೆಗೆ ಅಲ್ಲೇ ಕೂತು ಇನ್ನಷ್ಟು ನಿದ್ದೆ ಮಾಡಿದೆ.