ನಾನೂರ ಐವತ್ತು ಗಜ

ಕಡೂರಿನ ಬೇತೇಲ್ ಹೈಸ್ಕೂಲಿಗೆ ನಾನು ಗಣಿತದ ಮೇಷ್ಟರಾಗಿ ಸೇರಿದ್ದು ೧೯೭೪ರಲ್ಲಿ. ಆಗ ನನಗೆ ಇಪ್ಪತ್ತಾರು ವರ್ಷ, ಕೋಪ ಸದಾ ಮೂಗಿನ ತುದಿಯಲ್ಲೇ. ಉತ್ತರದ ಪಕ್ಕ ಮೀಟರೋ ಲೀಟರೋ ಬರೆಯಲು ಮರೆತ ಹುಡುಗರಿಗೆ ಸೊನ್ನೆ ಸುತ್ತುತ್ತಿದ್ದೆ. ಅಂಥವನಿಗೆ ಮೊದಲ ವಾರವೇ ಜಗಳ ಬಿದ್ದದ್ದು ಮೈದಾನದ ಅಟೆಂಡರ್ ತೀರ್ಥಪ್ಪನ ಜೊತೆ. ಸುಣ್ಣದ ಡಬ್ಬ ಹಿಡಿದು, ನೆಲ ನೋಡಿಕೊಂಡು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತಿದ್ದವನು ನನ್ನ ಹೊಸ ಪ್ಯಾಂಟಿಗೆ ಬಿಳಿ ಬಳಿದುಬಿಟ್ಟ. ನಾನು ರೇಗಿದೆ. ಅವನು ತಲೆ ಕೂಡ ಎತ್ತಲಿಲ್ಲ.

“ಗೆರೆ ಮೇಲೆ ನಿಂತಿದ್ದೀರ ಸಾ. ಒಸಿ ಪಕ್ಕಕ್ಕೆ ಬನ್ನಿ” ಅಂದ.

ನಿಂತಿದ್ದು ನಿಜ. ತಪ್ಪು ನನ್ನದೇ ಎಂದು ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ನಮ್ಮ ಶಾಲೆಯನ್ನು ೧೯೧೨ರಲ್ಲಿ ಕಟ್ಟಿಸಿದವರು ವಿಲ್ಕಿನ್ಸ್ ಎಂಬ ಪಾದ್ರಿ ದೊರೆ. ಅವರಿಗೆ ಪಾಠಕ್ಕಿಂತ ಸಂಘಗಳ ಮೇಲೆ ಹೆಚ್ಚು ಪ್ರೀತಿ ಇತ್ತೆಂದು ಕಾಣುತ್ತದೆ. ಚರ್ಚಾ ಸಂಘ, ಹಾಡಿನ ಸಂಘ, ತೋಟಗಾರಿಕೆ ಸಂಘ ಎಂದು ಒಂದರ ಹಿಂದೊಂದು ಹುಟ್ಟುಹಾಕಿದ್ದರು. ಎಲ್ಲಕ್ಕಿಂತ ಹಳೆಯದು ವ್ಯಾಯಾಮ ಸಂಘ. ಸಂಘಗಳನ್ನು ಮಕ್ಕಳೇ ನಡೆಸಬೇಕು, ಮೇಷ್ಟರುಗಳು ಬೆಂಚಿನ ತುದಿಯಲ್ಲಿ ಕೂತು ಕೇಳಬಹುದು, ತೀರ್ಮಾನಕ್ಕೆ ಮಾತ್ರ ಕೈ ಎತ್ತುವಂತಿಲ್ಲ. ಇದು ದೊರೆ ಹಾಕಿಹೋದ ನಿಯಮ. ದೊರೆ ತಮ್ಮ ಸೀಮೆಗೆ ಮರಳಿ ನಲವತ್ತು ವರ್ಷ ಕಳೆದಿದ್ದರೂ ನಮ್ಮ ಹೆಡ್ ಮಾಸ್ಟರ್ ಅದನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದರು. ನನಗೋ ಒಳಗೊಳಗೇ ಮೈ ಉರಿಯುತ್ತಿತ್ತು.

ಪ್ರಾರ್ಥನೆಯ ಹಾಲಿನಲ್ಲಿ ಒಂದು ತೇಗದ ಹಲಗೆ ಇತ್ತು. ಶಾಲೆಯ ವಾರ್ಷಿಕ ಕ್ರೀಡೆಗಳ ದಾಖಲೆ ಅದರ ಮೇಲೆ. ಎತ್ತರ ಜಿಗಿತ, ಉದ್ದ ಜಿಗಿತ, ಗುಂಡು ಎಸೆತದ ಸಾಲುಗಳನ್ನು ಪೇಂಟರ್ ಎಷ್ಟೋ ಸಲ ಅಳಿಸಿ ಬರೆದಿದ್ದ. ಓಟದ್ದು ಒಂದೇ ಸಾಲು, ಅದನ್ನು ಯಾರೂ ಮುಟ್ಟಿರಲಿಲ್ಲ: “ಡಿ. ಐಸಾಕ್, ೪೪೦ ಗಜ, ೫೬ ಸೆಕೆಂಡ್, ೧೯೨೪.” ಮೈದಾನಕ್ಕೆ ಒಂದು ಪೂರ್ತಿ ಸುತ್ತು, ಅದೇ ನಾನೂರ ನಲವತ್ತು ಗಜ.

ಆ ಸಾಲನ್ನು ದಿನಾ ಒರೆಸುತ್ತಿದ್ದವನು ತೀರ್ಥಪ್ಪ. ಅವನೂ ಇದೇ ಶಾಲೆಯಲ್ಲಿ ಓದಿದವನು. ೧೯೪೯ರಲ್ಲಿ, ಹದಿನೇಳು ವರ್ಷದವನಿದ್ದಾಗ, ಅದೇ ಸುತ್ತನ್ನು ಐವತ್ತೇಳು ಸೆಕೆಂಡಿನಲ್ಲಿ ಓಡಿದ್ದ. ಒಂದು ಸೆಕೆಂಡಿನಲ್ಲಿ ಹೆಸರು ತಪ್ಪಿತ್ತು. ಅವನ ಅಪ್ಪ ಕರಿಸಿದ್ದಪ್ಪ ೧೯೩೦ರಿಂದ ಮೈದಾನದ ಗೆರೆ ಎಳೆಯುತ್ತಿದ್ದವನು. ಅಪ್ಪನಿಗೆ ವಯಸ್ಸಾದ ಮೇಲೆ ಮಗ ಅದೇ ಸುಣ್ಣದ ಡಬ್ಬ ಹಿಡಿದ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸುಣ್ಣ. ಕ್ರೀಡಾ ದಿನದ ಪ್ರಾರ್ಥನೆಗೆ ಎಲ್ಲರಿಗಿಂತ ಮುಂಚೆ ಕಣ್ಣು ಮುಚ್ಚಿ, ಎಲ್ಲರಿಗಿಂತ ತಡವಾಗಿ ತೆರೆಯುತ್ತಿದ್ದ. ಆಮೇಲೆ ಓಟದ ಗೆರೆಯ ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ತಾನು ಎಳೆದ ಗೆರೆಯ ಮೇಲೆ ಒಬ್ಬರಾದರೂ ಐಸಾಕನನ್ನು ಮೀರಿಸಲಿ ಎಂಬುದೊಂದೇ ಅವನ ಆಸೆ.

ಯಾರೂ ಮೀರಿಸುತ್ತಿರಲಿಲ್ಲ. ತಮಾಷೆಯೆಂದರೆ, ನಮ್ಮ ಹುಡುಗರು ತರೀಕೆರೆಗೋ ಅಜ್ಜಂಪುರಕ್ಕೋ ಹೋದರೆ ಬಹುಮಾನ ಬಾಚಿಕೊಂಡು ಬರುತ್ತಿದ್ದರು. ನಮ್ಮ ಮೈದಾನದಲ್ಲಿ ಮಾತ್ರ ಕೊನೆಯ ಹತ್ತು ಮಾರು ಇದ್ದಾಗ ನಾಲಿಗೆ ಹೊರಗೆ ಹಾಕುತ್ತಿದ್ದರು. “ಕಪ್ಪು ಮಣ್ಣು, ಕಾಲು ಎಳೆಯುತ್ತೆ” ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

೧೯೭೯ರ ಜನವರಿಯಲ್ಲಿ ಜಿಲ್ಲಾ ಕ್ರೀಡಾಕೂಟ ನಮ್ಮ ಮೈದಾನದಲ್ಲಿ ಎಂದಾಯಿತು. ಗಜದ ಕಾಲ ಮುಗಿದಿತ್ತು, ಈಗ ನಾನೂರು ಮೀಟರಿನ ಸುತ್ತು ಬೇಕು. ಅಳತೆಯ ಜವಾಬ್ದಾರಿ ನನಗೆ ಬಿತ್ತು. ಚಿಕ್ಕಮಗಳೂರಿನಿಂದ ಉಕ್ಕಿನ ಟೇಪು ತರಿಸಿದೆ. ವರ್ಷ ವರ್ಷ ಸುಣ್ಣ ಬಿದ್ದು ಹಳೆಯ ಗೆರೆಯ ಜಾಗದಲ್ಲಿ ಹುಲ್ಲೇ ಹುಟ್ಟುತ್ತಿರಲಿಲ್ಲ. ಮೊದಲು ಅದನ್ನೇ ಅಳೆದು ನೋಡೋಣವೆಂದು ಹೊರಟೆ. ನಾನೂರ ಐವತ್ತು ಗಜ ಬಂತು! ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ.

ತೀರ್ಥಪ್ಪನನ್ನು ಕರೆದು, “ನೀವು ಹೆಂಗೆ ಅಳೀತೀರಿ, ಒಂದ್ಸಲ ತೋರ್ಸಿ” ಅಂದೆ. ಅವನು ಅಪ್ಪನ ಕಾಲದ ಅಳತೆಯ ತೆಂಗಿನ ನಾರಿನ ಹಗ್ಗ ತಂದ. ಇಪ್ಪತ್ತೆರಡು ಗಜದ ಹಗ್ಗ, ಇಪ್ಪತ್ತು ಸಲ ಹಾಸಿದರೆ ಸುತ್ತು ಮುಗಿಯಬೇಕು. ಹಗ್ಗ ಸರಿಯಾಗಿಯೇ ಇತ್ತು. ಆದರೆ ಹಗ್ಗ ಮುಗಿದ ಕಡೆ ಅವನು ಗೂಟ ನೆಡಲಿಲ್ಲ. ನೆಲಕ್ಕೆ ಮೊಣಕೈ ಊರಿ, ಒಂದು ಮೊಳ ಮುಂದೆ ಹೋಗಿ ನೆಟ್ಟ.

“ಇದೇನ್ರೀ ಇದು?”

“ಕೊಸರು ಸಾ.”

“ಕೊಸರಾ?”

“ಹೂಂ ಸಾ. ಕಾಯಿ ಕೊಡೋವಾಗ ನೂರಕ್ಕೆ ನಾಕು ಕೊಸರು ಹಾಕಲ್ವಾ? ಅಳತೇಲಿ ಕೈ ಬಿಗಿ ಮಾಡ್ಬಾರ್ದು, ಮಕ್ಕಳು ಓಡೋ ಜಾಗ ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು.”

ಕರಿಸಿದ್ದಪ್ಪ ತೆಂಗಿನ ತೋಟದವರ ಮನೆಯಿಂದ ಬಂದವನು. ಇಪ್ಪತ್ತು ಸಲಕ್ಕೆ ಇಪ್ಪತ್ತು ಮೊಳ, ಅಂದರೆ ಹತ್ತು ಗಜ. ಐಸಾಕ್ ಓಡಿದ್ದು ಕರಿಸಿದ್ದಪ್ಪ ಬರುವ ಮುಂಚೆ, ದೊರೆ ಸರಪಳಿ ಹಿಡಿದು ಅಳೆದ ಸುತ್ತಿನಲ್ಲಿ. ಆಮೇಲೆ ಬಂದ ನಮ್ಮ ಮಕ್ಕಳೆಲ್ಲ ಧಾರಾಳವಾಗಿ ಕೊಸರು ಸೇರಿಸಿಕೊಂಡು ಓಡಿದ್ದರು.

ಇಂಥದ್ದು ಸಿಕ್ಕಿದ ಮೇಲೆ ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ಸ್ಟಾಫ್ ರೂಮಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿದೆ. ನಾನೂರ ಐವತ್ತು ಗಜಕ್ಕೆ ಐವತ್ತೇಳಾದರೆ ನಾನೂರ ನಲವತ್ತಕ್ಕೆ ಐವತ್ತೈದು ಮುಕ್ಕಾಲೂ ಇಲ್ಲ. “ಐಸಾಕನ್ನ ತೀರ್ಥಪ್ಪ ಆವತ್ತೇ ಸೋಲಿಸಿದ್ದ ಕಣ್ರೀ! ಅವರಪ್ಪ ಮೈದಾನದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿ ಮಗನ ಹೆಸರು ಹಾಳುಮಾಡಿದ!” ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ತೀರ್ಥಪ್ಪ, ಕೈಯಲ್ಲಿ ಟೀ ಕೆಟಲ್. ಅವನು ಒಳಗೆ ಬಂದು, ಎಂದಿನಂತೆ ಎಲ್ಲರ ಲೋಟಕ್ಕೂ ಟೀ ಬಗ್ಗಿಸಿ, ಕೆಟಲ್ ಮೇಜಿನ ಮೇಲಿಟ್ಟು ಹೊರಟುಹೋದ.

ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ರಜ ಹಾಕಿದ್ದೇ ಅಪರೂಪವೆಂದು ಹೆಡ್ ಮಾಸ್ಟರ್ ನನ್ನ ಮುಖ ನೋಡಿ ಹೇಳಿದರು. ನನಗೆ ನಾಚಿಕೆಯಾಯಿತು. ಸಂಜೆ ಸೈಕಲ್ ಹತ್ತಿ ಅವನ ಮನೆಗೆ ಹೋದೆ.

ಅವನ ಹೆಂಡತಿ ಉಚ್ಚಂಗಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. “ಎರಡು ದಿನದಿಂದ ಮಾತೇ ಇಲ್ಲ ಮೇಷ್ಟ್ರೇ. ಅದೇನಂದ್ರಿ ಇವರಿಗೆ?” ಎಂದು ನೇರವಾಗಿ ಕೇಳಿದಳು. ತೀರ್ಥಪ್ಪ ಜಗಲಿಯ ಮೇಲೆ ತೆಂಗಿನ ಗರಿ ಹೆಣೆಯುತ್ತಿದ್ದ.

“ತಪ್ಪಾಯ್ತು ತೀರ್ಥಪ್ಪ. ನಿಮ್ಮಪ್ಪನ ವಿಷಯ ಹಾಗೆ ಆಡಬಾರದಿತ್ತು. ನಿಮಗೂ ಅವರ ಮೇಲೆ ಬೇಜಾರಾಗಿರಬೇಕು.”

“ಅಯ್ಯೋ, ಬಿಡ್ತು ಅನ್ನಿ ಸಾ. ಅವನ ಮೇಲೆ ಯಾಕೆ ಬೇಜಾರು?” ಅವನು ಗರಿ ಕೆಳಗಿಟ್ಟ. “ಅವತ್ತು ನಾನು ಓಡಿ ಮುಗಿಸ್ದಾಗ ಅಪ್ಪ ಗೆರೆ ಹತ್ರಾನೇ ನಿಂತಿದ್ದ. ಡ್ರಿಲ್ ಮೇಷ್ಟ್ರು ಐವತ್ತೇಳು ಅಂದ್ರು. ಅಪ್ಪ ಟವಲಲ್ಲಿ ನನ್ ಮುಖ ಒರೆಸ್ಬಿಟ್ಟು, ‘ಒಂದೇ ಸೆಕೆಂಡು ಕಣ್ಲಾ, ಹೋಗ್ಲಿ ಬಿಡು’ ಅಂದ. ಸಾಯೋಗಂಟ ನನ್ ಮಗ ಸೋತ ಅಂತಾನೇ ತಿಳ್ಕೊಂಡಿದ್ದ. ಗೆದ್ದಿದ್ದೆ ಕಣಪ್ಪಾ ಅಂತ ಹೇಳಾನ ಅಂದ್ರೆ ಈಗ ಅವನೇ ಇಲ್ವಲ್ಲ ಸಾ.”

ಲೆಕ್ಕ ಬಿಡಿಸಿದಾಗ ಈ ಉತ್ತರ ನನಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನವೇ ವ್ಯಾಯಾಮ ಸಂಘದ ಸಭೆ ಕರೆಸಿದೆ. ಐಸಾಕನ ಸಾಲು ಅಳಿಸಿ, ಐವತ್ತೈದೂ ಚಿಲ್ಲರೆ ಸೆಕೆಂಡೆಂದು ತೀರ್ಥಪ್ಪನ ಹೆಸರು ಬರೆಸಬೇಕೆಂದು ಕೇಳಿಕೊಂಡೆ. ಸಂಘದ ಕಾರ್ಯದರ್ಶಿ ಹಿರೇನಲ್ಲೂರಿನ ಕರಿಬಸಮ್ಮ, ಹತ್ತನೇ ತರಗತಿ ಹುಡುಗಿ, ಗಣಿತದಲ್ಲಿ ನನ್ನ ಕೈಯಿಂದ ಬೇಕಾದಷ್ಟು ಸೊನ್ನೆ ತಿಂದವಳು. ಅವಳು ಎದ್ದು ನಿಂತಳು.

“ಲೆಕ್ಕ ಓಡಲ್ಲ ಸಾರ್, ಕಾಲು ಓಡೋದು. ಐಸಾಕ್ ಅವರು ನಾನೂರ ನಲವತ್ತು ಓಡಿದ್ರು, ಅದು ಹಂಗೇ ಇರ್ಲಿ. ತೀರ್ಥಪ್ಪಣ್ಣ ಓಡಿದ್ದು ನಾನೂರ ಐವತ್ತು. ಓಡಿದ್ದನ್ನೇ ಬರೀಬೇಕು.”

ನನಗೆ ಬಾಯಿ ಹಾಕುವ ಆಸೆ ತಡೆಯಲಾಗದಷ್ಟಿತ್ತು, ಆದರೆ ದೊರೆಯ ನಿಯಮದಂತೆ ಬೆಂಚಿನ ತುದಿಯಲ್ಲಿದ್ದೆ. ಮಕ್ಕಳು ೧೯೩೦ರಿಂದ ಈಚಿನ ರಿಜಿಸ್ಟರುಗಳನ್ನೆಲ್ಲ ಹರವಿಕೊಂಡು ಕೂತರು. ಆ ಉದ್ದದ ಸುತ್ತನ್ನು ಐವತ್ತೇಳಕ್ಕಿಂತ ಬೇಗ ಓಡಿದವರು ಒಬ್ಬರೂ ಸಿಗಲಿಲ್ಲ. ಇನ್ನು ಮುಂದೆ ಮೀಟರು, ಆ ಸುತ್ತನ್ನು ಯಾರೂ ಓಡುವುದೂ ಇಲ್ಲ. ಎಲ್ಲ ಕೈಗಳೂ ಮೇಲೆದ್ದವು. ಹುಡುಗಿ ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳಲು ನನಗೆ ಒಂದು ದಿನ ಹಿಡಿಯಿತು.

ತೀರ್ಥಪ್ಪನನ್ನು ಕರೆಸಿ ವಿಷಯ ತಿಳಿಸಿದರು. ಅವನು ಟವಲು ಹಿಂಡುತ್ತ “ನನ್ನ ಹೆಸರೊಂದೇ ಬ್ಯಾಡ ಕಣ್ರವ್ವಾ” ಎಂದು ಕರಿಬಸಮ್ಮನ ಹತ್ತಿರ ಏನನ್ನೋ ಮೆಲ್ಲಗೆ ಹೇಳಿದ. ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಕ್ರೀಡಾಕೂಟಕ್ಕೆ ನಾನೂ ಅವನೂ ಟೇಪಿನ ಎರಡು ತುದಿ ಹಿಡಿದು ನಾನೂರು ಮೀಟರ್ ಅಳೆದೆವು. ಪ್ರತಿ ಗೂಟಕ್ಕೂ ಅವನ ಮೊಣಕೈ ತಾನಾಗಿ ನೆಲಕ್ಕೆ ಹೋಗುತ್ತಿತ್ತು, ನಾನು ಕೆಮ್ಮಿದರೆ ಹಿಂದಕ್ಕೆ ಬರುತ್ತಿತ್ತು. ಕೊನೆಯ ಗೂಟದ ಹೊತ್ತಿಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಪೇಂಟರ್ ಕೆಲಸ ಮುಗಿಸಿದ ಬೆಳಿಗ್ಗೆ ತೀರ್ಥಪ್ಪನನ್ನು ಹಾಲಿಗೆ ಕರೆದುಕೊಂಡು ಹೋದೆ. ಐಸಾಕನ ಸಾಲಿನ ಕೆಳಗೆ ಬಣ್ಣ ಇನ್ನೂ ಹಸಿಯಾಗಿತ್ತು: “ಕೆ. ತೀರ್ಥಪ್ಪ, ೪೫೦ ಗಜ, ೫೭ ಸೆಕೆಂಡ್, ೧೯೪೯. ಅಳತೆ: ಕರಿಸಿದ್ದಪ್ಪ.”

ಅವನು ತನ್ನ ಹೆಸರನ್ನು ಓದಲೇ ಇಲ್ಲ. ಸೀದಾ ಅಪ್ಪನ ಹೆಸರಿನ ಮುಂದೆ ನಿಂತು, ಟವಲಿನಿಂದ ಮುಖ ಒರೆಸಿಕೊಂಡ.

“ಗೆದ್ದಿದ್ದೆ ಕಣಪ್ಪಾ” ಎಂದ. “ನಿನ್ನ ಕೊಸರೂ ಸೇರ್ಸೇ ಓಡಿದ್ದೆ.”

ಆಮೇಲೆ ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, “ಟೀ ತರ್ಲಾ ಸಾ?” ಎಂದು ಕೇಳಿದ.

ಅವತ್ತು ಟೀ ನಾನೇ ತಂದೆ.